ಖಸಬಿಗೆ ಹೋಗುವ ದಾರಿ

ಹೊಸ ಗಾಳದ ರೀಲಿಗೆ ಸವರಿದ ಎಣ್ಣೆಯ ವಾಸನೆ ಈಗಲೂ ನನ್ನನ್ನು ಒಮಾನಿನ ಅಲ್ ಅಜೈಬಾದ ಆ ಫ್ಲ್ಯಾಟಿನ ತಣ್ಣನೆಯ ನೆಲದ ಮೇಲೆ ಕೂರಿಸಿಬಿಡುತ್ತದೆ.

ಅದು ಶುಕ್ರವಾರದ ಮಧ್ಯಾಹ್ನ. ಅಪ್ಪ ಒಮಾನಿನ ನಕಾಶೆ ಹಾಸಿ, ಮೂಲೆ ಮಡಚದಂತೆ ಖರ್ಜೂರದ ಡಬ್ಬಿ ಇಟ್ಟು, ಉತ್ತರದ ತುದಿಯ ಖಸಬಿನ ಮೇಲೆ ಬೆರಳಿಟ್ಟಿದ್ದರು. ರಜೆಗೆ ನಾವು ನಾಲ್ವರೂ ಅಲ್ಲಿ ದೋಣಿಯಲ್ಲಿ ಮೀನು ಹಿಡಿಯುವುದೆಂದು ನಿಶ್ಚಯವಾಗಿತ್ತು. ಗಾಳ, ಟೋಪಿ, ಐಸ್ ಬಾಕ್ಸ್ ಎಂದು ನಾನು ಪಟ್ಟಿ ಬರೆಯುತ್ತಿದ್ದೆ. ನನ್ನ ತಮ್ಮ ಹೊಸ ರೀಲನ್ನು ಗಿರಗಿರ ತಿರುಗಿಸುತ್ತಿದ್ದ.

"ಪಾಸ್‌ಪೋರ್ಟ್ ತಾ ಮಗಳೇ. ರೋಡ್ ಎಮಿರೇಟ್ಸ್ ಒಳಗಿಂದ ಹೋಗ್ತದಲ್ಲ, ಬಾರ್ಡರಲ್ಲಿ ಕೇಳ್ತಾರೆ," ಎಂದರು ಅಪ್ಪ.

ನಕಾಶೆ ನೋಡಿದೆ. ನಿಜವೇ ಆಗಿತ್ತು. ಚಟ್ಟನೆ ಎದ್ದು ಕಪಾಟಿನಿಂದ ನಾಲ್ಕನ್ನೂ ತಂದೆ. ಅಪ್ಪ ತಮ್ಮದನ್ನು ಬದಿಗಿಟ್ಟು, ಮೂರನ್ನು ಮಾತ್ರ ಕವರಿಗೆ ಹಾಕಿದರು.

"ನಿಮ್ದು ಬೇಡ್ವಾ ಅಪ್ಪ?"

"ನಂದು ಆಮೇಲೆ ನೋಡುವಾ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, "ಮಕ್ಕಳಿಗೆ ಹೇಳಿಬಿಡಿ ಮಾರಾಯ್ರೆ," ಎಂದರು.

"ಖಲಾಸ್, ಈಗ ಅದು ಬೇಡ," ಎಂದು ಅಪ್ಪ ಕವರಿನ ಬಾಯಿ ಅಂಟಿಸಿದರು. ನಕಾಶೆಯತ್ತ ತಿರುಗಿ, "ಎಷ್ಟು ದೊಡ್ಡ ಮೀನು ಹಿಡಿತೀ ನೀನು?" ಎಂದು ಕೇಳಿದರು. ನಾನು ಎರಡೂ ಕೈ ಅಗಲಿಸಿ ತೋರಿಸಿದೆ.

ಹತ್ತು ದಿನಗಳಲ್ಲಿ ಆ ಕವರು ವಾಪಸ್ ಬಂತು; ನಮ್ಮ ಮೂವರ ವೀಸಾ ರದ್ದಾಗಿತ್ತು. ಖಸಬನ್ನು ನೋಡದೆಯೇ ಅಮ್ಮ, ತಮ್ಮ, ನಾನು ಮಂಗಳೂರಿನ ವಿಮಾನ ಹತ್ತಿದೆವು. ಅಪ್ಪ ಅಲ್ಲೇ ಉಳಿದರು.

ಆ ಮಧ್ಯಾಹ್ನ ಕಪಾಟು ಅಪ್ಪನಿಂದ ನಾಲ್ಕೇ ಹೆಜ್ಜೆ ದೂರದಲ್ಲಿತ್ತು. ನನ್ನ ಕೈಯಿಂದ ತರಿಸದೆ ಪಾಸ್‌ಪೋರ್ಟುಗಳನ್ನು ಅವರೇ ಎದ್ದು ತೆಗೆದುಕೊಳ್ಳಬಹುದಿತ್ತು.