ಅನ್ನದಲ್ಲಿ ಕಲಸಿದ್ದು

ಹಿಟ್ಟಿನ ಗಿರಣಿಯ ತಿಪ್ಪೇಸ್ವಾಮಿ ನಾಲ್ಕು ತಿಂಗಳಲ್ಲಿ ಹನ್ನೆರಡು ಕೆ.ಜಿ. ಇಳಿದುಹೋಗಿದ್ದ. ರಕ್ತಪರೀಕ್ಷೆಯ ವರದಿ ನೋಡಿದ ಡಾಕ್ಟರಮ್ಮ, "ಸಕ್ಕರೆ ಕಾಯಿಲೆ. ನಿಮ್ಮ ಮೈಯಲ್ಲಿ ಇನ್ಸುಲಿನ್ ಬಹಳ ಕಡಿಮೆ ತಯಾರಾಗ್ತಿದೆ. ಮನೆಯ ಹಿರಿಯರಲ್ಲಿ ಯಾರಿಗಾದರೂ ಇತ್ತಾ?" ಎಂದು ಕೇಳಿದರು.

"ಇಲ್ಲ ಮೇಡಂ. ನಮ್ಮಪ್ಪ ನಾನು ಚಿಕ್ಕವನಿದ್ದಾಗಲೇ ಹೋದ."

"ತಂದೆ ಹೇಗೆ ತೀರಿಕೊಂಡರು?"

"ನಮ್ಮಪ್ಪನಿಗೆ ಮದ್ದು ಹಾಕಿದ್ರು. ಅನ್ನದಲ್ಲಿ ಕಲಸಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅವರಿಗೆ ಏನೇನಾಗ್ತಿತ್ತು?"

ಅವನು ನೆನೆಸಿಕೊಂಡು ಹೇಳಿದ. ಎಷ್ಟು ನೀರು ಕುಡಿದರೂ ಅಪ್ಪನ ದಾಹ ತೀರುತ್ತಿರಲಿಲ್ಲ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಉಚ್ಚೆ ಹೊಯ್ದ ಕಡೆ ಇರುವೆ ಮುತ್ತುತ್ತಿದ್ದವು. ಕಾಲಿನ ಹುಣ್ಣು ಕೊನೆವರೆಗೂ ಮಾಯಲಿಲ್ಲ.

"ಅದು ಮದ್ದಲ್ಲ ತಿಪ್ಪೇಸ್ವಾಮಿ, ಇದೇ ಕಾಯಿಲೆ. ವಂಶದಲ್ಲಿ ಹರಿದು ಬರುತ್ತೆ. ಹಾಕಿದ್ದು ಯಾರು ಅಂತ ಹೇಳಿದ್ರು?"

"ನಮ್ಮವ್ವ. ದೊಡ್ಡಪ್ಪಂದಿರು ಸೇರಿ ಅವಳನ್ನ ಮನೆಯಿಂದ ಅಟ್ಟಿದ್ರು. ಆಗ ನನಗೆ ಒಂಬತ್ತು ವರ್ಷ. ಮತ್ತೆ ಅವಳ ಮುಖ ನೋಡಲಿಲ್ಲ."

ಹೇಳುವಾಗ ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಎದೆಯೊಳಗೆ ಏನಾದರೂ ಅಲುಗೀತು ಎಂದು ಕಾದ. ಏನೂ ಅಲುಗಲಿಲ್ಲ. ಬೆರಳುಗಳು ಮಾತ್ರ ವರದಿಯ ಅಂಚನ್ನು ಮಡಚುತ್ತಲೇ ಇದ್ದವು.

ಡಾಕ್ಟರಮ್ಮ ಮೆತ್ತಗೆ ಹೇಳಿದರು. "ದಿನಾ ಇಂಜೆಕ್ಷನ್ ತಗೋಬೇಕು, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ನಿಮ್ಮ ಹೆಂಡತಿ ಹೊರಗಿದ್ದರೆ ಕರೀರಿ, ಅವರಿಗೂ ಹೇಳಿಕೊಡ್ತೀನಿ."

"ಅವಳಿಲ್ಲ ಮೇಡಂ. ನನಗೆ ಮದ್ದು ಹಾಕಿದಳು ಅಂತ ಹೋದ ತಿಂಗಳೇ ಓಡಿಸಿಬಿಟ್ಟೆ."