ಮಂಕರಿಯೊಳಗಿನ ಕುಡುಗೋಲು

ಇಂದಿಗೂ ಬೇಯಿಸಲು ನೀರಿಗೆ ಹಾಕಿದ ಮೊಟ್ಟೆ ತುಸು ಅಲುಗಿದರೆ ಒಲೆ ಹಚ್ಚಲು ನನ್ನ ಕೈ ಹಿಂಜರಿಯುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆಯ ಮೊದಲಲ್ಲಿ, ಬಾಗೂರಿನ ನಮ್ಮ ಹಿತ್ತಲಲ್ಲಿ ಅಜ್ಜಿ ಕೆಂಪು ಹೇಂಟೆಯನ್ನು ಕಾವಿಗೆ ಕೂರಿಸಿದ್ದಳು. ಮಂಕರಿಯಲ್ಲಿ ರಾಗಿಹೊಟ್ಟು, ಅದರ ಮೇಲೆ ಹನ್ನೊಂದು ಮೊಟ್ಟೆ, ಪಕ್ಕದಲ್ಲಿ ಮುರಿದ ಕುಡುಗೋಲಿನ ತುಂಡು. ಕಬ್ಬಿಣ ಇಲ್ಲದಿದ್ದರೆ ಗುಡುಗಿಗೆ ಮೊಟ್ಟೆ ಕೆಡುತ್ತವೆ ಎನ್ನುತ್ತಿದ್ದಳು. ನಾನು ಆ ತುಂಡನ್ನು ಕದ್ದು, ಹೀರೇ ಬೀಜಕ್ಕೆ ಗುಂಡಿ ತೋಡಿ, ಅಲ್ಲೇ ಮರೆತೆ. ಅಂದೇ ಸಂಜೆ ವರ್ಷದ ಮೊದಲ ಗುಡುಗು ಹೆಂಚುಗಳನ್ನು ನಡುಗಿಸಿತು.

ಕಾವಿಗೆ ಕೂರಿಸಿದ ಹದಿನೆಂಟನೇ ದಿನ ಮಧ್ಯಾಹ್ನ ಅಜ್ಜಿ ಬೋಗುಣಿಯ ಉಗುರುಬೆಚ್ಚಗಿನ ನೀರಿಗೆ ಮೊಟ್ಟೆಗಳನ್ನು ಮೆಲ್ಲಗೆ ಬಿಟ್ಟಳು. ಒಳಗೆ ಮರಿ ಬದುಕಿದ್ದರೆ ಮೊಟ್ಟೆ ಅಲುಗಬೇಕು. ತುಳುಕುವ ನೀರಿನಲ್ಲಿ ಒಂದೂ ತಾನಾಗಿ ಅಲುಗಿದಂತೆ ಕಾಣಲಿಲ್ಲ. ನಾನು ಅಳುತ್ತಾ ಎಲ್ಲ ಒಪ್ಪಿಕೊಂಡೆ.

"ತಡಿಯೇ, ನೀರು ನಿಲ್ಲಲಿ," ಎಂದಳು ಅಜ್ಜಿ.

ನೀರು ನಿಂತಿತು. ಒಂದು ಮೊಟ್ಟೆ ಮಿಸುಕಿತು. ಆಮೇಲೆ ಇನ್ನೊಂದು, ಮತ್ತೊಂದು. ನಾನು ಕಣ್ಣೊರೆಸಿಕೊಂಡೆ.

"ಹಂಗಾದ್ರೆ ಕಬ್ಬಿಣ ಬ್ಯಾಡೇ ಬ್ಯಾಡ ಅಲ್ವೇನಜ್ಜಿ?"

ಅಜ್ಜಿ ಮಂಕರಿಯ ಕಡೆ ನೋಡಿ ದನಿ ತಗ್ಗಿಸಿದಳು.

"ಮೆಲ್ಲಕೆ ಮಾತಾಡೇ. ಅದು ಐತೆ ಅಂತ ನಂಬ್ಕಂಡೇ ಹೇಂಟೆ ಕುಂತೈತೆ."