ಸದ್ದಿಲ್ಲದ ಕೆಲಸ

ನಂಜುಂಡಾಚಾರಿ ಮಗಳ ಕೈಯಿಂದ ರೇಡಿಯೊ ಕಿತ್ತುಕೊಂಡು, ಅದರೊಳಗಿನ ಸೆಲ್ಲುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡ. ಮೃದಂಗ ಅರ್ಧಕ್ಕೇ ನಿಂತುಹೋಯಿತು.

“ನಾಳೆ ಎಸ್ಸೆಸ್ಸೆಲ್ಸಿ ಲೆಕ್ಕದ ಪರೀಕ್ಷೆ ಇಟ್ಕೊಂಡು ಸಂಗೀತ ಕೇಳ್ತೀಯೇನೇ?”

“ತಾಳ ಕಿವಿಗೆ ಬೀಳ್ತಿದ್ರೇನೇ ನಂಗೆ ಲೆಕ್ಕ ಓಡೋದಪ್ಪ,” ಅಂದಳು ಅನಸೂಯ.

“ಮನಸ್ಸಿಟ್ಟು ಮಾಡೋ ಕೆಲಸಕ್ಕೆ ಸದ್ದು ಇರಬಾರ್ದು ಕಣೇ. ಬಾಯ್ಮುಚ್ಕೊಂಡು ಓದು.”

ಸಿಡುಕುತ್ತಲೇ ಅಂಗಳಕ್ಕೆ ಹೋಗಿ, ಅರೆಬರೆಯಾಗಿದ್ದ ದೇವಿಯ ವಿಗ್ರಹದ ಮುಂದೆ ಕೂತ. ಕಣ್ಣಿನ ರೆಪ್ಪೆ ಕೆತ್ತಬೇಕಿತ್ತು. ಪಕ್ಕದಲ್ಲಿ ತಮ್ಮ ವೀರಾಚಾರಿ ಹೊಸ ಕಲ್ಲಿಗೆ ಒಂದೇ ಸಮನೆ ಟಣ್ ಟಣ್ ಎಂದು ಹೊಡೆಯುತ್ತಿದ್ದ. ಆ ಪೆಟ್ಟುಗಳಿಗೆ ಸರಿಯಾಗಿ ನಂಜುಂಡಾಚಾರಿಯ ಸುತ್ತಿಗೆಯೂ ಉಳಿಯ ಮೇಲೆ ಬೀಳತೊಡಗಿತು.

ಅನಸೂಯ ದಡದಡನೆ ಬಂದು ಚಿಕ್ಕಪ್ಪನ ಕೈಯಿಂದ ಸುತ್ತಿಗೆ ಕಿತ್ತುಕೊಂಡಳು. “ಸದ್ದು ಮಾಡ್ಬೇಡ ಚಿಕ್ಕಪ್ಪ. ಅಪ್ಪ ಮನಸ್ಸಿಟ್ಟು ಕೆಲಸ ಮಾಡ್ತಾ ಇದಾರೆ.”

ನಂಜುಂಡಾಚಾರಿ ಅವಳನ್ನು ದುರುಗುಟ್ಟಿ ನೋಡಿ ಸುತ್ತಿಗೆ ಎತ್ತಿದ. ಹೊಡೆಯಲಾಗಲಿಲ್ಲ. ಉಳಿಯನ್ನು ಸರಿಮಾಡಿಕೊಂಡು ಮತ್ತೆ ಎತ್ತಿದ. ಆಗಲೂ ಕೈ ಇಳಿಯಲಿಲ್ಲ.

“ಹೊಡಿಯೋ ವೀರ,” ಎಂದು ಗದರಿದ.

ವೀರಾಚಾರಿ ಬರಿಗೈ ತೋರಿಸಿದ.

ಅನಸೂಯ ಒಂದು ಕೈಯಲ್ಲಿ ಸುತ್ತಿಗೆ ಹಿಡಿದು, ಇನ್ನೊಂದನ್ನು ಅಪ್ಪನ ಮುಂದೆ ಚಾಚಿ ನಿಂತಿದ್ದಳು. ಅವಳ ಮುಖ ನೋಡದೆ ಅವನು ಜೇಬಿಗೆ ಕೈ ಹಾಕಿದ.